ನಮ್ಮ ಕಾಲದಲ್ಲೇ ಮುಗಿಯಬೇಕೆ?

ಊರಿನಿಂದ ಬಂದ ನೆಂಟರಿಗೆ ವಾಷಿಂಗ್ಟನ್ ತೋರಿಸುವ ಕ್ರಮ ನಮ್ಮೆಲ್ಲರಿಗೂ ಬಾಯಿಪಾಠವಾಗಿದೆ. ಬೆಳಿಗ್ಗೆ ಕ್ಯಾಪಿಟಲ್, ಮಧ್ಯಾಹ್ನ ವಿಮಾನಗಳ ವಸ್ತುಸಂಗ್ರಹಾಲಯ, ಸಂಜೆ ಶ್ವೇತಭವನದ ಬೇಲಿಯ ಮುಂದೆ ಒಂದು ಫೋಟೋ, ಕತ್ತಲಾಗುವ ಹೊತ್ತಿಗೆ ಲಿಂಕನ್ ಸ್ಮಾರಕ. ಅಟ್ಲಾಂಟಾದಿಂದಲೋ ಷಾರ್ಲಟ್‌ನಿಂದಲೋ ಕಾರು ಓಡಿಸಿಕೊಂಡು ಬರುವ ಸಂಘದ ಮಿತ್ರರಿಗೂ ಇದೇ ಪ್ರದಕ್ಷಿಣೆ. ವಿಸ್ಕಾನ್ಸಿನ್ ಅವೆನ್ಯೂ ಹಿಡಿದು ಮೇಲಕ್ಕೆ ಹೋದರೆ ಸೇಂಟ್ ಆಲ್ಬನ್ ಗುಡ್ಡದ ಮೇಲೆ ನಿಂತಿರುವ ಆ ದೊಡ್ಡ ಇಗರ್ಜಿಗೆ, ಅಂದರೆ ವಾಷಿಂಗ್ಟನ್ ನ್ಯಾಷನಲ್ ಕೆಥೀಡ್ರಲ್‌ಗೆ, ಕರೆದೊಯ್ಯುವವರು ನಮ್ಮಲ್ಲಿ ಕಡಿಮೆ. ಹೋದವರು ಕೇಳುವ ಮೊದಲ ಪ್ರಶ್ನೆ ಮಾತ್ರ ಒಂದೇ: "ಇದು ಎಷ್ಟು ಹಳೆಯದು? ಆರುನೂರು ವರ್ಷವಾಗಿರಬಹುದೆ?"

ಅಮೆರಿಕಾ ದೇಶದ ವಯಸ್ಸೇ ಇನ್ನೂರೈವತ್ತರ ಆಸುಪಾಸು ಎಂಬುದು ಆ ಕ್ಷಣಕ್ಕೆ ಮರೆತುಹೋಗುತ್ತದೆ. ಕಟ್ಟಡದ ರೂಪವೇ ಹಾಗಿದೆ. ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನ ಗಾಥಿಕ್ ಶೈಲಿಯನ್ನು ಇಟ್ಟುಕೊಂಡು ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ್ದು ಇದು. ಅಸ್ತಿಭಾರದ ಕಲ್ಲು ಇಟ್ಟದ್ದು 1907ರ ಸೆಪ್ಟೆಂಬರ್ 29ರಂದು. ಕೊನೆಯ ಕಲ್ಲು ಇಟ್ಟದ್ದು 1990ರ ಸೆಪ್ಟೆಂಬರ್ 29ರಂದು. ದಿನ ತಪ್ಪದೆ ಎಂಬತ್ತಮೂರು ವರ್ಷ! ನಮ್ಮಲ್ಲಿ ಅನೇಕರು ಈ ದೇಶಕ್ಕೆ ಬಂದಿಳಿದಾಗ ಅದರ ಗೋಪುರಗಳ ಸುತ್ತ ಇನ್ನೂ ಅಟ್ಟಣೆ ಕಟ್ಟಿತ್ತು.

ಈ ಇಗರ್ಜಿಯ ವಿಚಾರವನ್ನು ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುವುದಕ್ಕೆ ಕಾರಣವಿದೆ. ನಮ್ಮ ಸಂಘಗಳಲ್ಲಿ ಯುಗಾದಿ ಊಟವಾದ ಮೇಲೋ ರಾಜ್ಯೋತ್ಸವದ ನಾಟಕ ಮುಗಿದ ಮೇಲೋ ಒಂದು ಮಾತು ಎದ್ದೇ ಏಳುತ್ತದೆ: "ನಮಗೂ ಒಂದು ಸ್ವಂತ ಕಟ್ಟಡ ಬೇಡವೇ? ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಹಿಡಿದು ಎಷ್ಟು ವರ್ಷ ಹೀಗೆ ಕುರ್ಚಿ ಎತ್ತಿ ಇಡುವುದು?" ಮಾತು ನ್ಯಾಯವಾದದ್ದು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಏನೇ ಮಾಡಿದರೂ ನಮ್ಮ ಕಾಲದಲ್ಲೇ ಮುಗಿಯಬೇಕು. ಸಾಲವಾದರೂ ಸರಿ." ಈ ಎರಡನೆಯ ಮಾತು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆ ಸರಿಯಲ್ಲ ಎಂಬುದಕ್ಕೆ ಸೇಂಟ್ ಆಲ್ಬನ್ ಗುಡ್ಡದ ಚರಿತ್ರೆಗಿಂತ ಒಳ್ಳೆಯ ಪಾಠ ನಮ್ಮ ಮನೆಯ ಹತ್ತಿರದಲ್ಲಿ ಬೇರೆ ಸಿಗದು.

ಕಥೆ ಶುರುವಾಗುವುದು ಈ ನಗರದ ಹುಟ್ಟಿನೊಂದಿಗೆ. ರಾಜಧಾನಿಯ ನಕ್ಷೆ ಬರೆದ ಫ್ರೆಂಚ್ ಎಂಜಿನಿಯರ್ ಪಿಯೆರ್ ಲಾನ್‌ಫಾನ್ 1791ರಲ್ಲೇ ರಾಷ್ಟ್ರದ ಉಪಯೋಗಕ್ಕೆಂದು ಒಂದು ದೊಡ್ಡ ಚರ್ಚು ಬೇಕೆಂದು ಜಾಗ ಗುರುತಿಸಿದ್ದ. ಆ ಜಾಗದಲ್ಲಿ ಮುಂದೆ ಪೇಟೆಂಟ್ ಕಚೇರಿ ಎದ್ದಿತು, ಚರ್ಚು ಏಳಲಿಲ್ಲ. ನೂರು ವರ್ಷ ಕಳೆದ ಮೇಲೆ, 1893ರ ಜನವರಿ 6ರಂದು, ಕಾಂಗ್ರೆಸ್ಸು ಕೊಟ್ಟ ಸನ್ನದಿಗೆ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ರುಜು ಹಾಕಿದರು. ಎಪಿಸ್ಕೋಪಲ್ ಪಂಥದವರ ಒಂದು ಪ್ರತಿಷ್ಠಾನ ಹುಟ್ಟಿತು. ಸನ್ನದು ಸಿಕ್ಕಿತೇ ಹೊರತು ದುಡ್ಡು ಸಿಗಲಿಲ್ಲ. ಹೆಸರಿನಲ್ಲಿ 'ನ್ಯಾಷನಲ್' ಎಂದಿದ್ದರೂ ಕಟ್ಟಿದ್ದು ಸರ್ಕಾರದ ಬೊಕ್ಕಸದಿಂದ ಅಲ್ಲ, ಭಕ್ತರ ಮತ್ತು ಅಭಿಮಾನಿಗಳ ವಂತಿಗೆಯಿಂದ. ಈ ಅಂಶವನ್ನು ವಂತಿಗೆ ಪುಸ್ತಕ ಹಿಡಿದು ಮನೆಮನೆಗೆ ಫೋನು ಮಾಡುವ ನಮ್ಮ ಖಜಾಂಚಿಗಳು ವಿಶೇಷವಾಗಿ ಗಮನಿಸಬೇಕು.

ವಾಷಿಂಗ್ಟನ್ನಿನ ಮೊದಲ ಎಪಿಸ್ಕೋಪಲ್ ಬಿಷಪ್ ಹೆನ್ರಿ ಯೇಟ್ಸ್ ಸ್ಯಾಟರ್ಲೀ ಗುಡ್ಡದ ಮೇಲಿನ ಜಮೀನನ್ನು ಕೊಳ್ಳಿಸಿದರು. ಮೊದಲು ತಯಾರಾಗಿದ್ದದ್ದು ರಿನೇಸಾನ್ಸ್ ಶೈಲಿಯ ನಕ್ಷೆ. ಅದನ್ನು ಬಿಟ್ಟು ಗಾಥಿಕ್ ಶೈಲಿಯೇ ಆಗಬೇಕೆಂದು ತೀರ್ಮಾನವಾಯಿತು. ಇಂಗ್ಲೆಂಡಿನ ಜಾರ್ಜ್ ಫ್ರೆಡರಿಕ್ ಬಾಡ್ಲಿ ಮತ್ತು ಬಾಸ್ಟನ್ನಿನಲ್ಲಿದ್ದ ಹೆನ್ರಿ ವಾನ್ ವಾಸ್ತುಶಿಲ್ಪಿಗಳಾದರು. 1907ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಎದುರಿನಲ್ಲಿ ಶಂಕುಸ್ಥಾಪನೆಯಾಯಿತು. ಬೆತ್ಲೆಹೆಮ್ ಹತ್ತಿರದ ಹೊಲವೊಂದರಿಂದ ತಂದ ಕಲ್ಲನ್ನು ಅಮೆರಿಕಾದ ದೊಡ್ಡ ಗ್ರಾನೈಟ್ ಕಲ್ಲಿನೊಳಗೆ ಕೂರಿಸಿ ಅಸ್ತಿಭಾರಕ್ಕೆ ಇಟ್ಟರು.

ಮುಂದೆ ಆದದ್ದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಶಂಕುಸ್ಥಾಪನೆಯಾದ ತಿಂಗಳೊಳಗೆ ಬಾಡ್ಲಿ ತೀರಿಕೊಂಡರು. 1908ರ ಫೆಬ್ರವರಿಯಲ್ಲಿ ಬಿಷಪ್ ಸ್ಯಾಟರ್ಲೀ ತೀರಿಕೊಂಡರು. 1917ರಲ್ಲಿ ಹೆನ್ರಿ ವಾನ್ ಹೋದರು. 1921ರಲ್ಲಿ ಫಿಲಿಪ್ ಹ್ಯೂಬರ್ಟ್ ಫ್ರೋಮನ್ ಎಂಬ ವಾಸ್ತುಶಿಲ್ಪಿ ಬಂದು ಐವತ್ತು ವರ್ಷ ಈ ಒಂದೇ ಕಟ್ಟಡಕ್ಕೆ ಜೀವ ತೇಯ್ದರು. ಕಾಗದದ ಮೇಲಿನ ಒಂದೊಂದು ಗೆರೆಯನ್ನೂ ತಿದ್ದಿ ತಿದ್ದಿ ಬರೆದರು. ಅವರೂ 1972ರಲ್ಲಿ ಕಣ್ಣು ಮುಚ್ಚಿದಾಗ ಕಟ್ಟಡ ಮುಗಿದಿರಲಿಲ್ಲ. ಪ್ರಾರಂಭಿಸಿದ ಒಬ್ಬರೂ ಮುಕ್ತಾಯವನ್ನು ನೋಡಲಿಲ್ಲ. ಎರಡು ಮಹಾಯುದ್ಧಗಳು, 1929ರ ನಂತರದ ಆರ್ಥಿಕ ಕುಸಿತ, ದುಡ್ಡಿಲ್ಲದೆ ಕೆಲಸ ಕುಂಟಿದ ವರ್ಷಗಳು, ಎಲ್ಲವೂ ನಡುವೆ ಬಂದವು. ಆದರೂ ನಕ್ಷೆಯ ಮೂಲ ಕಲ್ಪನೆ ಕೆಡಲಿಲ್ಲ.

ಕೆಲಸ ನಡೆಯುತ್ತಿದ್ದ ಆ ಎಂಬತ್ತಮೂರು ವರ್ಷವೂ ಕಟ್ಟಡ ಬೀಗ ಹಾಕಿಕೊಂಡು ಕುಳಿತಿರಲಿಲ್ಲ ಎಂಬುದು ಇನ್ನೂ ಮುಖ್ಯ. ನೆಲಮಾಳಿಗೆಯ ಬೆತ್ಲೆಹೆಮ್ ಚಾಪೆಲ್ 1912ರಲ್ಲೇ ಪ್ರಾರ್ಥನೆಗೆ ತೆರೆಯಿತು. ಮುಗಿದಷ್ಟು ಭಾಗದಲ್ಲಿ ಮದುವೆ, ಪ್ರಾರ್ಥನೆ, ಸಂಗೀತ, ಶವಸಂಸ್ಕಾರದ ಸೇವೆ ಎಲ್ಲವೂ ನಡೆದವು. 1924ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಅವರನ್ನು ಇಲ್ಲೇ ಸಮಾಧಿ ಮಾಡಿದರು. ಹೆಲೆನ್ ಕೆಲರ್ ಮತ್ತು ಅವರ ಗುರು ಆನ್ ಸಲಿವನ್ ಇವರ ಚಿತಾಭಸ್ಮವೂ ಇಲ್ಲಿಯೇ ಇದೆ. 1968ರ ಮಾರ್ಚ್ 31ರ ಭಾನುವಾರ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಜೀವನದ ಕೊನೆಯ ಭಾನುವಾರದ ಉಪದೇಶ ಕೊಟ್ಟದ್ದು ಈ ಇಗರ್ಜಿಯ ವೇದಿಕೆಯಿಂದ. ನಾಲ್ಕು ದಿನಕ್ಕೆ ಮೆಂಫಿಸ್‌ನಲ್ಲಿ ಅವರ ಕೊಲೆಯಾಯಿತು. ಆ ವೇದಿಕೆ ಕೆತ್ತಿರುವುದು ಇಂಗ್ಲೆಂಡಿನ ಕ್ಯಾಂಟರ್‌ಬರಿ ಕೆಥೀಡ್ರಲ್‌ನಿಂದ ತಂದ ಹಳೆಯ ಕಲ್ಲಿನಲ್ಲಿ. ಮಧ್ಯಯುಗದ ಕಲ್ಲಿನ ಮೇಲೆ ನಿಂತು ಅಟ್ಲಾಂಟಾದ ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ ತಮ್ಮ ಕಾಲದ ಬಡತನ, ಯುದ್ಧ, ಜನಾಂಗಭೇದಗಳ ವಿಚಾರ ಮಾತನಾಡಿದರು. ಅಂದು ಆ ಕಟ್ಟಡ ಅರೆಬರೆ ಕಟ್ಟಡ. ಮಾತು ಅರೆಬರೆಯಾಗಲಿಲ್ಲ.

ಇನ್ನು ಕಟ್ಟಿದ ರೀತಿ. ಬೇಲೂರು ಹಳೇಬೀಡು ನೋಡಿ ಬೆಳೆದ ನಮಗೆ ಇದರಲ್ಲಿ ವಿಶೇಷ ಆಸಕ್ತಿ ಇರಬೇಕು. ಹೊಯ್ಸಳರ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಉಳಿಗೆ ಒಗ್ಗುತ್ತದೆ, ಗಾಳಿ ತಗಲಿದ ಮೇಲೆ ಗಟ್ಟಿಯಾಗುತ್ತದೆ. ಈ ಇಗರ್ಜಿಗೆ ಬಂದದ್ದು ಇಂಡಿಯಾನಾ ರಾಜ್ಯದ ಸುಣ್ಣಕಲ್ಲು, ಸುಮಾರು ಒಂದೂವರೆ ಲಕ್ಷ ಟನ್. ಅದರ ಗುಣವೂ ಅಂಥದ್ದೇ. ಹೊಸದರಲ್ಲಿ ಮೆತ್ತಗೆ, ವರ್ಷ ಕಳೆದಂತೆ ಬಿರುಸು. ಆದರೆ ಭಾರ ಹೊರಿಸುವ ಉಪಾಯ ಬೇರೆ. ನಮ್ಮ ದೇವಾಲಯಗಳಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಭಾರ ನೇರವಾಗಿ ಕೆಳಗಿಳಿಯುತ್ತದೆ. ಆದ್ದರಿಂದಲೇ ಕಂಬಗಳು ಹತ್ತಿರ ಹತ್ತಿರ, ಒಳಗೆ ತಂಪಾದ ನಸುಗತ್ತಲೆ. ಗಾಥಿಕ್ ಶಿಲ್ಪಿಗಳು ಚೂಪು ಕಮಾನು ಹಿಡಿದರು. ಕಮಾನು ಪಕ್ಕಕ್ಕೆ ತಳ್ಳುತ್ತದೆ. ಆ ತಳ್ಳಾಟವನ್ನು ತಡೆಯಲು ಗೋಡೆಯ ಹೊರಗೆ ದೂರದಲ್ಲಿ ಕಂಬ ನಿಲ್ಲಿಸಿ, ಅಲ್ಲಿಂದ ಗೋಡೆಗೆ ಆಸರೆ ಕಮಾನು ಒರಗಿಸಿದರು. ಗೋಡೆಗೆ ಭಾರ ಹೊರುವ ಕೆಲಸ ತಪ್ಪಿತು, ಕಲ್ಲಿನ ಬದಲು ಬಣ್ಣದ ಗಾಜು ತುಂಬಬಹುದಾಯಿತು. ಗರ್ಭಗುಡಿಯ ಕತ್ತಲಲ್ಲಿ ದೇವರನ್ನು ಕಂಡವರು ನಾವು, ಬೆಳಕಿನಲ್ಲಿ ಕಾಣಬೇಕೆಂದವರು ಅವರು. ಎರಡಕ್ಕೂ ಬೇಕಾದದ್ದು ಕಲ್ಲಿನ ಮರ್ಮ ಬಲ್ಲ ಕೈ.

ಇಲ್ಲಿ ಮಕ್ಕಳಿಗೆ ತೋರಿಸಬೇಕಾದ ಎರಡು ವಸ್ತುಗಳಿವೆ. ಒಂದು, 1974ರಲ್ಲಿ ಕೂರಿಸಿದ ಬಾಹ್ಯಾಕಾಶದ ಕಿಟಕಿ. ಅಪೊಲೊ 11ರ ಯಾತ್ರಿಕರು ಚಂದ್ರನಿಂದ ತಂದ ಶಿಲೆಯ ಒಂದು ಚೂರನ್ನು ಅದರ ಗಾಜಿನ ನಡುವೆ ಇಟ್ಟಿದ್ದಾರೆ. ಇನ್ನೊಂದು, ವಾಯವ್ಯದ ಗೋಪುರದ ಮೇಲೆ ಕೆತ್ತಿರುವ ಡಾರ್ತ್ ವೇಡರ್ ತಲೆ. ಗಾಥಿಕ್ ಇಗರ್ಜಿಗಳಲ್ಲಿ ಮಳೆನೀರು ಗೋಡೆಗೆ ತಗಲದಂತೆ ಹೊರಚೆಲ್ಲಲು ವಿಕಾರ ಮುಖಗಳನ್ನು ಕೆತ್ತುವುದು ಪದ್ಧತಿ; ನಮ್ಮ ದೇವಸ್ಥಾನದ ಮಕರಮುಖದ ಹರಿನಾಳಕ್ಕೆ ದಾಯಾದಿ ಎನ್ನಿ. 1980ರ ದಶಕದಲ್ಲಿ ಮಕ್ಕಳಿಗಾಗಿ ಒಂದು ಚಿತ್ರಸ್ಪರ್ಧೆ ನಡೆಸಿದರು. ನೆಬ್ರಾಸ್ಕಾದ ಒಬ್ಬ ಹುಡುಗ ತಾನು ಕಂಡ ಸಿನಿಮಾದ ಖಳನಾಯಕನನ್ನು ಬರೆದು ಕಳಿಸಿದ. ಹಿರಿಯರು ಮೂಗು ಮುರಿಯಲಿಲ್ಲ, ಕಲ್ಲಿನಲ್ಲಿ ಕೆತ್ತಿಸಿ ಮೇಲಕ್ಕೇರಿಸಿದರು. ನಮ್ಮ ರಾಜ್ಯೋತ್ಸವದಲ್ಲಿ ಮಕ್ಕಳು ತಮಗೆ ಹಿಡಿಸಿದ್ದೊಂದನ್ನು ಆಡಿ ತೋರಿಸುತ್ತೇವೆಂದರೆ "ಇದು ನಮ್ಮ ಸಂಸ್ಕೃತಿಯಲ್ಲ" ಎಂದು ಹತ್ತು ಜನ ಎದ್ದು ನಿಲ್ಲುತ್ತೇವೆ! ಎಂಬತ್ತಮೂರು ವರ್ಷ ಹಿಡಿಯುವ ಕೆಲಸದಲ್ಲಿ ಮೂರನೆಯ ತಲೆಮಾರಿಗೂ ಒಂದು ಮೂಲೆ ಬಿಡಬೇಕಾಗುತ್ತದೆ. ಬಿಟ್ಟದ್ದರಿಂದ ಇಗರ್ಜಿಗೆ ಏನೂ ಕಡಿಮೆಯಾಗಲಿಲ್ಲ.

ಸಾಲದ ಮಾತಿಗೆ ಬರೋಣ. ಬಹುಕಾಲ ಇವರ ಕ್ರಮ ಸರಳವಾಗಿತ್ತು. ದುಡ್ಡು ಬಂದಷ್ಟು ಕಟ್ಟು, ಇಲ್ಲದಿದ್ದರೆ ಕಾಯಿ. 1976 ಬಂತು, ಅಮೆರಿಕಾದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ. ಆ ಹಬ್ಬಕ್ಕೆ ನಡುಮನೆಯ ದೊಡ್ಡ ಅಂಕಣ ಮುಗಿಯಲೇಬೇಕೆಂದು ಸಾಲ ತಂದು ಅವಸರದಲ್ಲಿ ಕಟ್ಟಿದರು. ಸಮಾರಂಭ ವೈಭವವಾಗಿ ನಡೆಯಿತು. ಇಂಗ್ಲೆಂಡಿನ ಎಲಿಜಬೆತ್ ರಾಣಿಯೇ ಬಂದಿದ್ದರು. ರಾಣಿ ಹೋದರು, ಸಾಲ ಉಳಿಯಿತು. 1977ರಲ್ಲಿ ಕೆಲಸ ನಿಂತಿತು, ಮತ್ತೆ ಶುರುವಾದದ್ದು 1980ರಲ್ಲಿ. ಎರಡು ಮಹಾಯುದ್ಧಗಳನ್ನು ದಾಟಿಬಂದ ಕೆಲಸವನ್ನು ಒಂದು ಹಬ್ಬದ ತಾರೀಖು ಮೂರು ವರ್ಷ ಮಲಗಿಸಿತು. ಸ್ವಂತ ಕಟ್ಟಡಕ್ಕೆ ಆತುರಪಡುವ ಬಂಧುಗಳು ಈ ಒಂದು ಪ್ಯಾರಾವನ್ನಾದರೂ ಮಹಾಸಭೆಯಲ್ಲಿ ಓದಬೇಕೆಂದು ನನ್ನ ಕೋರಿಕೆ.

ಹೆಸರಿನ ವಿಚಾರ ಇನ್ನೂ ಸೂಕ್ಷ್ಮ. ದಾನಿಗಳ ಹೆಸರು ಕೆತ್ತಿಸುವುದರಲ್ಲಿ ಎಲ್ಲ ದೇಶದವರೂ ಮುಂದು. ಕೆಲಸ ಮಾಡಿದವರ ಹೆಸರು ಉಳಿಯುವುದು ಅಪರೂಪ. ಈ ವಿಷಯದಲ್ಲಿ ಕನ್ನಡ ನಾಡು ತಲೆ ಎತ್ತಿ ನಿಲ್ಲಬಹುದು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಂಥವರ ಹೆಸರು ಅವರವರು ಕೆತ್ತಿದ ಮದನಿಕೆಯರ ಅಡಿಯಲ್ಲೇ ಇದೆ. ಸೋಮನಾಥಪುರದಲ್ಲಿ ರೂವಾರಿ ಮಲ್ಲಿತಮ್ಮನ ರುಜು ಮತ್ತೆ ಮತ್ತೆ ಸಿಗುತ್ತದೆ. ವಾಷಿಂಗ್ಟನ್ನಿನಲ್ಲಿ ಇಟಲಿಯಿಂದ ಬಂದ ರಾಜರ್ ಮೊರೀಜಿ, ವಿನ್ಸೆಂಟ್ ಪಲುಂಬೊ ಎಂಬ ಶಿಲ್ಪಿಗಳು ವರ್ಷಗಟ್ಟಲೆ ಅಟ್ಟಣೆ ಏರಿ ಕಲ್ಲು ಕೆತ್ತಿದರು. ಅವರ ಕೆಲಸವನ್ನು ಕುರಿತು 1984ರಲ್ಲಿ ತೆಗೆದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಹುಮಾನವೂ ಬಂತು. ಮುಂಬಾಗಿಲ ಮೇಲಿನ ಸೃಷ್ಟಿಯ ಶಿಲ್ಪ ರೂಪಿಸಿದ ಫ್ರೆಡರಿಕ್ ಹಾರ್ಟ್ ಹೆಸರು ಕಲಾಭಿಮಾನಿಗಳಿಗೆ ಗೊತ್ತಿದೆ. ನಮ್ಮ ಸಂಘಗಳಲ್ಲಿ ನಲವತ್ತು ವರ್ಷ ಚಿತ್ರಾನ್ನ ಕಲಸಿದವರು, ಮೈಕು ಕಟ್ಟಿದವರು, ಭಾನುವಾರದ ಕನ್ನಡ ತರಗತಿಯಲ್ಲಿ ಅ ಆ ಇ ಈ ತಿದ್ದಿಸಿದವರು, ಇವರ ಹೆಸರನ್ನು ಎಲ್ಲಿ ಬರೆದಿದ್ದೇವೆ? ಗೋಡೆ ಎದ್ದ ದಿನ ಅದರ ಮೇಲೆ ಸಾವಿರ ಡಾಲರಿನವರ ಪಟ್ಟಿ ಮಾತ್ರ ಇದ್ದರೆ ದಾಸೋಜನ ನಾಡಿನವರಿಗೆ ಅದು ಶೋಭಿಸುವುದಿಲ್ಲ.

ಹೆಸರು ಕೆತ್ತುವುದರಲ್ಲಿ ಇನ್ನೊಂದು ಅಪಾಯವೂ ಇದೆ. ದಕ್ಷಿಣದ ರಾಜ್ಯಗಳಲ್ಲಿ ಮನೆ ಮಾಡಿರುವ ನಮಗೆ ಅದು ದೂರದ ಮಾತಲ್ಲ. 1953ರಲ್ಲಿ ಈ ಇಗರ್ಜಿಯಲ್ಲಿ ರಾಬರ್ಟ್ ಇ. ಲೀ ಮತ್ತು ಸ್ಟೋನ್‌ವಾಲ್ ಜಾಕ್ಸನ್ ಎಂಬ ಒಕ್ಕೂಟ ಪಕ್ಷದ ಸೇನಾನಿಗಳ ನೆನಪಿಗೆ ಬಣ್ಣದ ಕಿಟಕಿಗಳನ್ನು ಕೂರಿಸಿದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ಪಕ್ಷದ ನಾಯಕರು ದೇವಮಂದಿರದ ಗಾಜಿನಲ್ಲಿ ಸಂತರಂತೆ ನಿಂತರು. ಅರವತ್ತು ವರ್ಷ ಅವರ ಕೆಳಗೆ ಜನ ಪ್ರಾರ್ಥನೆ ಮಾಡಿದರು. 2015ರ ಜೂನ್‌ನಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ನಿನ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಪ್ರಾರ್ಥನೆಗೆ ಕುಳಿತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಒಬ್ಬ ಬಿಳಿಯ ಯುವಕ ಗುಂಡಿಟ್ಟು ಕೊಂದ. ಆಗ ಈ ಇಗರ್ಜಿಯ ಆಗಿನ ಡೀನ್ ಬಹಿರಂಗವಾಗಿಯೇ ಆ ಕಿಟಕಿಗಳನ್ನು ತೆಗೆಯಬೇಕೆಂದರು. ವಾದವಿವಾದ ಎರಡು ವರ್ಷ ನಡೆಯಿತು. ಸಮಿತಿ ಮಾಡಿದರು, ಸಭೆ ಕರೆದರು, ಪರ ವಿರೋಧ ಎರಡನ್ನೂ ಕೇಳಿದರು. 2016ರಲ್ಲಿ ಗಾಜಿನಲ್ಲಿದ್ದ ಬಾವುಟಗಳನ್ನು ಮಾತ್ರ ತೆಗೆದರು. 2017ರ ಆಗಸ್ಟಿನಲ್ಲಿ ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನಲ್ಲಿ ಗಲಭೆಯಾದ ಮೇಲೆ, ಸೆಪ್ಟೆಂಬರಿನಲ್ಲಿ, ಕಿಟಕಿಗಳನ್ನೇ ಕಳಚಿದರು.

ಕಳಚಿದರು ಎಂದೆ, ಒಡೆದರು ಎನ್ನಲಿಲ್ಲ. ಜೋಪಾನವಾಗಿ ತೆಗೆದು ಇಟ್ಟರು. ಲೀ ಕಿಟಕಿಯನ್ನು 2021ರಲ್ಲಿ ಆಫ್ರಿಕನ್ ಅಮೆರಿಕನ್ ಚರಿತ್ರೆಯ ವಸ್ತುಸಂಗ್ರಹಾಲಯದ ಪ್ರದರ್ಶನದಲ್ಲಿ, ಪೂಜೆಯ ವಸ್ತುವಾಗಿ ಅಲ್ಲ, ಚರಿತ್ರೆಯ ದಾಖಲೆಯಾಗಿ ಇಟ್ಟರು. ಖಾಲಿಯಾದ ಜಾಗವನ್ನು ಅವಸರದಲ್ಲಿ ತುಂಬಲಿಲ್ಲ. ಆರು ವರ್ಷ ಕಾದು, 2023ರ ಸೆಪ್ಟೆಂಬರಿನಲ್ಲಿ, ಚಿತ್ರಕಾರ ಕೆರಿ ಜೇಮ್ಸ್ ಮಾರ್ಷಲ್ ರೂಪಿಸಿದ ಹೊಸ ಕಿಟಕಿಗಳನ್ನು ಕೂರಿಸಿದರು. ಅವುಗಳಲ್ಲಿ ಇರುವವರು ಸೇನಾನಿಗಳಲ್ಲ. ಫಲಕ ಹಿಡಿದು ನ್ಯಾಯ ಕೇಳುತ್ತ ಮೆರವಣಿಗೆ ಹೊರಟ ಸಾಮಾನ್ಯ ಕಪ್ಪು ಜನ. ಕೆಳಗಿನ ಕಲ್ಲಿನಲ್ಲಿ ಕವಯಿತ್ರಿ ಎಲಿಜಬೆತ್ ಅಲೆಕ್ಸಾಂಡರ್ ಅವರ ಕವನವಿದೆ. ಇದರಿಂದ ಮನಸ್ಸು ನೊಂದವರೂ ಇದ್ದಾರೆ, ಚರಿತ್ರೆಯನ್ನು ಅಳಿಸಿದರು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಗೌರವದ ಪೀಠದಿಂದ ಇಳಿಸುವುದು ಬೇರೆ, ನೆನಪಿನಿಂದ ಅಳಿಸುವುದು ಬೇರೆ. ಇವರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡದೆ ಉಳಿದರು. ಒಂದು ಚುನಾವಣೆಯಲ್ಲಿ ಸಮಿತಿ ಬದಲಾದ ಕೂಡಲೇ ಹಿಂದಿನವರ ಫೋಟೋ, ಫೈಲು, ಲೆಕ್ಕದ ಪುಸ್ತಕ ಎಲ್ಲವನ್ನೂ ಯಾರದೋ ಗ್ಯಾರೇಜಿನ ಪಾಲು ಮಾಡುವ ನಮಗೆ ಈ ನಡವಳಿಕೆಯಲ್ಲಿ ಕಲಿಯಲು ಬಹಳವಿದೆ.

ಕಟ್ಟಡ ಮುಗಿಯಿತು ಎಂದು 1990ರಲ್ಲಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಎದುರಿನಲ್ಲಿ ಕೊನೆಯ ಕಲ್ಲಿಟ್ಟರು. ನಿಜಕ್ಕೂ ಮುಗಿಯಿತೆ? 2011ರ ಆಗಸ್ಟ್ 23ರ ಮಧ್ಯಾಹ್ನ ವರ್ಜೀನಿಯಾದ ಮಿನರಲ್ ಊರಿನ ಬಳಿ 5.8ರ ಭೂಕಂಪವಾದದ್ದು ನಮ್ಮಲ್ಲಿ ಬಹಳ ಮಂದಿಗೆ ನೆನಪಿದೆ. ನಮ್ಮ ಮನೆಗಳಲ್ಲಿ ಪಾತ್ರೆ ಅಲುಗಿತು, ಅಷ್ಟೆ. ಗುಡ್ಡದ ಮೇಲಿನ ಇಗರ್ಜಿಯ ನಡುಗೋಪುರದ ಶಿಖರದ ಕಲ್ಲುಗಳು ತಿರುಗಿ ನಿಂತವು, ಕೆಲವು ಉರುಳಿದವು, ಆಸರೆ ಕಮಾನುಗಳು ಬಿರುಕು ಬಿಟ್ಟವು. ರಿಪೇರಿಯ ಅಂದಾಜು ಮೂರು ಕೋಟಿ ಡಾಲರಿಗೂ ಮೀರಿತು. ಭೂಕಂಪದ ವಿಮೆ ಇರಲಿಲ್ಲ. ಮತ್ತೆ ವಂತಿಗೆ, ಮತ್ತೆ ಅಟ್ಟಣೆ. ವರ್ಷಗಟ್ಟಲೆ ಆ ಕೆಲಸ ನಡೆಯುತ್ತಲೇ ಬಂದಿದೆ. ಬೇಲೂರಿನ ಕಥೆಯೂ ಇದೇ ಅಲ್ಲವೆ? ಹಾಳಾದ ಮಹಾದ್ವಾರದ ಗೋಪುರವನ್ನು 1397ರಲ್ಲಿ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ ಮತ್ತೆ ಎಬ್ಬಿಸಿದ. ಗರ್ಭಗುಡಿಯ ಮೇಲಿನ ಶಿಖರ ಭಾರವಾಯಿತೆಂದು 1879ರಲ್ಲಿ ಇಳಿಸಿದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾವೆಲ್ಲ ಸಿಹಿ ಹಂಚಿದೆವು. ಆ ಸಿಹಿಯ ಹಿಂದೆ ಒಂಬೈನೂರು ವರ್ಷದ ಕಾವಲು ಮತ್ತು ಜೀರ್ಣೋದ್ಧಾರ ಇದೆ. ಕಟ್ಟುವುದು ಒಂದು ತಲೆಮಾರಿನ ಕೆಲಸವಾಗಬಹುದು. ಕಾಯುವುದು ಎಲ್ಲ ತಲೆಮಾರಿನ ಕೆಲಸ.

ನಮ್ಮ ಮೈಸೂರಿನ ಸೇಂಟ್ ಫಿಲೋಮಿನಾ ಇಗರ್ಜಿಯನ್ನೂ ಇಲ್ಲಿ ನೆನೆಯಬೇಕು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅದಕ್ಕೆ ಶಂಕುಸ್ಥಾಪನೆ ಮಾಡಿದರು. ಚಾಮುಂಡಿಯ ಭಕ್ತರಾದ ದೊರೆಗಳು ಇಗರ್ಜಿಯ ಅಸ್ತಿಭಾರಕ್ಕೆ ಕಲ್ಲಿಟ್ಟದ್ದು ಆ ಊರಿನವರಿಗೆ ವಿಚಿತ್ರವಾಗಿ ಕಾಣಲಿಲ್ಲ. ಅದರ ಜೋಡಿ ಗೋಪುರಗಳಿಗೆ ಜರ್ಮನಿಯ ಕಲೋನ್ ನಗರದ ಕೆಥೀಡ್ರಲ್ ಮಾದರಿ ಎನ್ನುತ್ತಾರೆ. ಆ ಕಲೋನ್ ಇಗರ್ಜಿ ನಿಜವಾಗಿಯೂ ಮಧ್ಯಯುಗದ್ದು. 1248ರಲ್ಲಿ, ಅಂದರೆ ಸೋಮನಾಥಪುರಕ್ಕೆ ಹತ್ತು ವರ್ಷ ಮುಂಚೆ, ಶುರುವಾಯಿತು. ಹದಿನಾರನೆಯ ಶತಮಾನದಲ್ಲಿ ಕೆಲಸ ನಿಂತುಹೋಯಿತು. ಅರ್ಧ ಎದ್ದ ಗೋಪುರದ ಮೇಲೆ ಕಲ್ಲೆತ್ತುವ ಮರದ ಯಂತ್ರ ಮುನ್ನೂರು ವರ್ಷ ಹಾಗೆಯೇ ನಿಂತಿತ್ತು. 1842ರಲ್ಲಿ ಮತ್ತೆ ಹಿಡಿದು 1880ರಲ್ಲಿ ಮುಗಿಸಿದರು. ಆರುನೂರ ಮೂವತ್ತೆರಡು ವರ್ಷ! ಆ ಲೆಕ್ಕದಲ್ಲಿ ನಮ್ಮ ವಾಷಿಂಗ್ಟನ್ನಿನವರದು ಅವಸರದ ಕೆಲಸವೇ ಸರಿ. "ನಮ್ಮ ಧರ್ಮದ್ದಲ್ಲ, ಮಕ್ಕಳನ್ನು ಏಕೆ ಕರೆದುಕೊಂಡು ಹೋಗಬೇಕು" ಎನ್ನುವ ತಾಯಿತಂದೆಯರಿಗೆ ನಾಲ್ವಡಿಯವರ ನಡತೆಯೇ ಸಾಕಷ್ಟು ಉತ್ತರ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ತಿಳಿಯದೆ ಇಲ್ಲ. ಮೊದಲನೆಯದು: "ಅವರು ಈ ದೇಶದವರು, ಅವರ ಮಕ್ಕಳು ಇಲ್ಲೇ ಇರುತ್ತಾರೆ, ಕಾಯಬಹುದು. ನಮ್ಮ ಮಕ್ಕಳಿಗೆ ಕನ್ನಡವೇ ನೆಟ್ಟಗೆ ಬರುವುದಿಲ್ಲ. ನಾವು ಮುಗಿಸದಿದ್ದರೆ ಯಾರು ಮುಗಿಸುತ್ತಾರೆ?" ಈ ಭಯ ನಿಜವಾದದ್ದು, ನನ್ನೊಳಗೂ ಇದೆ. ಆದರೆ ಮಕ್ಕಳಿಗೆ ಮನಸ್ಸಿಲ್ಲದ ಕಟ್ಟಡವನ್ನು ನಾವು ಮುಗಿಸಿಟ್ಟು ಹೋದರೆ ಅವರು ಮಾಡುವುದೇನು? ಮಾರುತ್ತಾರೆ. ಅವರ ಕೈ ತಗಲಿದ್ದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಪೂರ್ತಿ ಮುಗಿದ ಮನೆಗೆ ಮಕ್ಕಳು ಅತಿಥಿಗಳು. ಕೆಲಸ ಉಳಿದ ಮನೆಗೆ ಯಜಮಾನರು.

ಎರಡನೆಯದು ಅದಕ್ಕೆ ವಿರುದ್ಧವಾದ ಆಕ್ಷೇಪಣೆ: "ಕಟ್ಟಡವೇ ಏಕೆ? ಭಾಷೆ ಇರುವುದು ನಾಲಗೆಯಲ್ಲಿ, ಗೋಡೆಯಲ್ಲಲ್ಲ." ಸ್ಥಾವರ ಜಂಗಮಗಳ ವ್ಯತ್ಯಾಸವನ್ನು ಹನ್ನೆರಡನೆಯ ಶತಮಾನದಲ್ಲೇ ವಚನಕಾರರಿಂದ ಕೇಳಿಸಿಕೊಂಡ ಜನ ನಾವು, ಈ ಮಾತನ್ನು ತಳ್ಳಿಹಾಕುವಂತಿಲ್ಲ. ನಾನು ಹೇಳುವುದು ಇಷ್ಟೆ: ನಿಧಾನವಾಗಿ ಕಟ್ಟುವ ಸ್ಥಾವರದ ಸುತ್ತ ಜಂಗಮವೂ ಬೆಳೆಯುತ್ತದೆ. ಬೆತ್ಲೆಹೆಮ್ ಚಾಪೆಲ್ ತೆರೆದ 1912ರಿಂದ ಕೊನೆಯ ಕಲ್ಲಿನ 1990ರ ತನಕ ಆ ಗುಡ್ಡದ ಮೇಲೆ ನಡೆದ ಹಾಡು, ಪಾಠ, ಜಗಳ, ಸಮಾಧಾನ, ಇವೇ ಆ ಇಗರ್ಜಿ. ಕೊಠಡಿಯೊಂದಿದ್ದರೆ ಮೊದಲು ಕನ್ನಡ ತರಗತಿ ಅಲ್ಲಿ ನಡೆಯಲಿ, ರಂಗಮಂಟಪ ಹತ್ತು ವರ್ಷ ತಡವಾಗಲಿ.

ಮೂರನೆಯದು: "ದೇವಸ್ಥಾನಗಳನ್ನು ಕಟ್ಟಿಲ್ಲವೆ ನಾವು?" ಕಟ್ಟಿದ್ದೇವೆ, ಮತ್ತು ಅಲ್ಲಿ ಈ ಪಾಠವನ್ನು ನಮಗೆ ಗೊತ್ತಿಲ್ಲದೆಯೇ ಪಾಲಿಸಿದ್ದೇವೆ. ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್‌ನ ಶಿವ ವಿಷ್ಣು ದೇವಾಲಯಕ್ಕೆ ಒಂದೊಂದಾಗಿ ಗುಡಿಗಳು ಸೇರುತ್ತ ಹೋದವು. ಉತ್ತರ ಕೆರೊಲಿನಾದ ಕ್ಯಾರಿಯಲ್ಲಿ ವೆಂಕಟೇಶ್ವರನ ದೇವಾಲಯ 2009ರಲ್ಲಿ ತೆರೆಯಿತು. ಅದರ 87 ಅಡಿಯ ರಾಜಗೋಪುರದ ಉದ್ಘಾಟನೆ ಆದದ್ದು 2022ರಲ್ಲಿ. ನಡುವಿನ ಹದಿಮೂರು ವರ್ಷ ದೇವರು ಗೋಪುರವಿಲ್ಲವೆಂದು ಮುನಿಸಿಕೊಳ್ಳಲಿಲ್ಲ. ದೇವರ ವಿಷಯದಲ್ಲಿ ಇರುವ ಈ ತಾಳ್ಮೆ ಭುವನೇಶ್ವರಿಯ ವಿಷಯದಲ್ಲಿ ಏಕೆ ಇರಬಾರದು?

ಹಾಗಾದರೆ ನಾವು ಮಾಡಬೇಕಾದದ್ದೇನು? ನನ್ನ ಸೂಚನೆಗಳು ನಾಲ್ಕು. ಒಂದು, ಸ್ವಂತ ಕಟ್ಟಡದ ಯೋಜನೆ ಎತ್ತುವ ಯಾವುದೇ ಸಂಘ ಮೂವತ್ತು ವರ್ಷದ ನಕ್ಷೆ ಹಾಕಲಿ, ಕೈಯಲ್ಲಿರುವ ದುಡ್ಡಿನಷ್ಟು ಭಾಗ ಮಾತ್ರ ಕಟ್ಟಲಿ, ಯಾವ ಸಮ್ಮೇಳನದ ತಾರೀಖಿಗೂ ಸಾಲ ಮಾಡದಿರಲಿ. ಎರಡು, ಕೂಡಿದ ವಂತಿಗೆಯಲ್ಲಿ ಒಂದು ಪಾಲನ್ನು ಮೊದಲ ದಿನದಿಂದಲೇ ದುರಸ್ತಿ ನಿಧಿ ಎಂದು ತೆಗೆದಿಡಲಿ. ಮಾಡು ಸೋರಲು ಭೂಕಂಪವೇ ಆಗಬೇಕೆಂದಿಲ್ಲ. ಮೂರು, ದುಡಿದವರ ಹೆಸರಿಗೆ ದಾನಿಗಳ ಹೆಸರಿನಷ್ಟೇ ಅಳತೆಯ ಅಕ್ಷರ ಇರಲಿ. ಹೆಸರು ಇಡುವ ನಿಯಮದ ಜೊತೆಯಲ್ಲೇ ಹೆಸರು ತೆಗೆಯುವ ನಿಯಮವನ್ನೂ ಬರೆದಿಡಲಿ. ನಾಲ್ಕು, ಇದಕ್ಕೆ ದುಡ್ಡೇ ಬೇಕಿಲ್ಲ, ಈ ವರ್ಷವೇ ಆಗಬಹುದು: ಪ್ರತಿ ಸಂಘವೂ ತನ್ನ ಹಳೆಯ ನಡವಳಿ ಪುಸ್ತಕ, ಕರಪತ್ರ, ನಾಟಕದ ಫೋಟೋ, ಸೈಕ್ಲೋಸ್ಟೈಲ್ ಮಾಡಿದ ಹಳೆಯ ಸಂಚಿಕೆಗಳು, ಇವುಗಳನ್ನು ಸದಸ್ಯರ ಮನೆಗಳಿಂದ ಒಂದು ಕಡೆ ಕೂಡಿಸಲಿ. ಆ ಮಸಿ ಮಾಸುತ್ತಿದೆ. ಅದನ್ನು ಸ್ಟೆನ್ಸಿಲ್ ಕೊರೆದ ಹಿರಿಯರಲ್ಲಿ ಕೆಲವರು ಈಗ ನಮ್ಮೊಂದಿಗಿಲ್ಲ, ಇರುವವರ ಕೈ ನಡುಗುತ್ತಿದೆ. ಕಟ್ಟಡಕ್ಕೆ ಮುಂಚೆ ಇಡಬೇಕಾದ ಅಸ್ತಿಭಾರ ಇದೇ.

2025ರ ಜನವರಿ 9ರಂದು ಜಾರ್ಜಿಯಾದ ಕಡಲೆಕಾಯಿ ಬೆಳೆಗಾರ, ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಅಂತಿಮ ಸೇವೆ ಈ ಇಗರ್ಜಿಯಲ್ಲೇ ನಡೆಯಿತು. ಬದುಕಿದ್ದ ಮಾಜಿ ಅಧ್ಯಕ್ಷರೆಲ್ಲ ಒಂದೇ ಸಾಲಿನಲ್ಲಿ ಕುಳಿತಿದ್ದರು; ಒಬ್ಬರಿಗೊಬ್ಬರು ಆಗದವರೂ ಆ ಕಮಾನುಗಳ ಕೆಳಗೆ ಒಂದು ಗಂಟೆ ಸುಮ್ಮನಿದ್ದರು. ಬಿಷಪ್ ಸ್ಯಾಟರ್ಲೀ ಇಂಥದೊಂದು ದಿನವನ್ನು ನೋಡುವ ಭಾಗ್ಯವಿಲ್ಲವೆಂದು ಗೊತ್ತಿದ್ದೇ ಜಮೀನು ಕೊಳ್ಳಿಸಿದ್ದಿರಬೇಕು. ನಮ್ಮ ಬಣಗಳು ಒಂದು ದಿನ ಒಂದೇ ಸೂರಿನಡಿ ಕುಳಿತುಕೊಳ್ಳಬೇಕಾದರೆ, ಆ ಸೂರನ್ನು ಯಾರು ಮುಗಿಸಿದರು ಎಂಬ ಲೆಕ್ಕವನ್ನು ಇಂದೇ ಬಿಡಬೇಕು. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ; ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ.